ಅಮೋನಿಯಂ ಲವಣದ ವಿಷ ಅಧ್ಯಯನ: ಬಾಯಿಂದ ಮೂತ್ರದವರೆಗೆ ಜಾಡು ಹಿಡಿಯುವ ಕ್ರಮ

ಎಂ.ಫಾರ್ಮ್, ಪಶುವೈದ್ಯ, ಜೀವವಿಜ್ಞಾನ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅಮೋನಿಯಂ ಕ್ಲೋರೈಡ್ ತಿಂದ ಇಲಿ ಕಾಯಿಲೆ ಬಿತ್ತು, ಹಾಗಾಗಿ ಇದು ಅಮೋನಿಯಾ ವಿಷ ಎಂದು ಬರೆದು ಮುಗಿಸುತ್ತಾರೆ. ರಕ್ತದಲ್ಲಿ ಏರಿದ್ದು ಅಮೋನಿಯಾನಾ, ಆಮ್ಲಾನಾ? ಜೊತೆಗಿದ್ದ ಕ್ಲೋರೈಡ್ ಏನಾಯಿತು? ಇದಕ್ಕೆ ಉತ್ತರ ಇರುವುದಿಲ್ಲ. ಇನ್ನು ಕೆಲವರು ‘ಹೀರಿಕೆ ಮತ್ತು ಚಯಾಪಚಯ’ ಎಂಬ ಭಾಗವನ್ನು ಬೇರೆಲ್ಲಿಂದಲೋ ಎತ್ತಿ ಅಂಟಿಸಿರುತ್ತಾರೆ. ಅದು ಅವರದೇ ಫಲಿತಾಂಶಕ್ಕೆ ಎಲ್ಲೂ ತಾಳೆಯಾಗುವುದಿಲ್ಲ.

ಇಂಥ ಅಧ್ಯಯನ ಓದುವವರಿಗೂ ಯೋಜನೆ ಹಾಕುವವರಿಗೂ ಈ ಕ್ರಮ ಬೇಕಾಗುತ್ತದೆ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೊದಲ ಎರಡನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಅಡ್ಡದಾರಿ.

ಮೊದಲು ಕೈಯಲ್ಲಿರಬೇಕಾದ್ದು

ಅಧ್ಯಯನದ ಪೂರ್ತಿ ವರದಿ ಬೇಕು. ಸಾರಾಂಶ ಸಾಲದು. ಪ್ರಾಣಿಗಳ ತೂಕ, ದಿನದ ಮೇವು, ಕುಡಿದ ನೀರು, ರಕ್ತ ತೆಗೆದ ಹೊತ್ತು ಇವೆಲ್ಲ ಕೊನೆಯ ಕೋಷ್ಟಕಗಳಲ್ಲಿ ಅಡಗಿರುತ್ತವೆ. ಜೊತೆಗೆ ಒಂದು ಕ್ಯಾಲ್ಕ್ಯುಲೇಟರ್, ಅಣುತೂಕದ ಪಟ್ಟಿ, ಮಧ್ಯಕ್ಕೆ ಗೆರೆ ಎಳೆದ ಒಂದು ಹಾಳೆ. ಎಡಕ್ಕೆ ಅಮೋನಿಯಂ, ಬಲಕ್ಕೆ ಅದರ ಜೊತೆಗಾರ. ಈ ಹಾಳೆ ಕೊನೆಯವರೆಗೂ ಬೇಕು.

ಹಂತ 1: ಲವಣವನ್ನು ಎರಡು ಮಾಡಿ

ಅಮೋನಿಯಂ ಲವಣ ನೀರಿಗೆ ಬಿದ್ದ ಕೂಡಲೇ ಎರಡು ಅಯಾನುಗಳಾಗಿ ಬೇರೆಯಾಗುತ್ತದೆ. ಹೊಟ್ಟೆಯಲ್ಲೂ ಅಷ್ಟೇ. ‘ರಕ್ತದಲ್ಲಿ ಅಮೋನಿಯಂ ಕ್ಲೋರೈಡ್ ಇಷ್ಟಿತ್ತು’ ಎಂಬ ವಾಕ್ಯ ಕಂಡರೆ ಅಲ್ಲೇ ಅನುಮಾನ ಪಡಿ. ರಕ್ತದಲ್ಲಿ ಅಂಥ ವಸ್ತು ಇರುವುದಿಲ್ಲ. ಅಮೋನಿಯಂ ಇರುತ್ತದೆ, ಕ್ಲೋರೈಡ್ ಇರುತ್ತದೆ, ಎರಡರ ದಾರಿಯೂ ಬೇರೆ.

ಈಗ ಬಲಗಡೆಯ ಜೊತೆಗಾರ ಯಾರು ಎಂದು ನೋಡಿ. ಎಷ್ಟೋ ಸಲ ನಿಜವಾದ ವಿಷ ಅಲ್ಲೇ ಇರುತ್ತದೆ. ಅಮೋನಿಯಂ ಡೈಕ್ರೋಮೇಟ್ ಆದರೆ ಕೆಡುಕು ಕ್ರೋಮಿಯಂನದು. ಬೈಫ್ಲೋರೈಡ್ ಆದರೆ ಫ್ಲೋರೈಡ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಹೃದಯದ ಲಯವನ್ನೇ ಕೆಡಿಸುತ್ತದೆ. ಪರ್‌ಕ್ಲೋರೇಟ್ ಥೈರಾಯ್ಡ್‌ಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ನೈಟ್ರೇಟ್ ಅನ್ನು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ, ಅದು ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತದೆ. ಇಲಿಗಳ ಮೇಲಿನ ಪಿಎಫ್‌ಒಎ (ಫ್ಲೋರಿನ್ ತುಂಬಿದ ಒಂದು ಕೈಗಾರಿಕಾ ರಾಸಾಯನಿಕ) ಅಧ್ಯಯನಗಳಲ್ಲಿ ಹೆಚ್ಚಿನವು ಅದರ ಅಮೋನಿಯಂ ಲವಣವನ್ನೇ ಬಳಸಿವೆ. ಅಲ್ಲಿ ಅಮೋನಿಯಂ ಬರೀ ಸವಾರ. ಇಂಥ ಲವಣಗಳಿಗೆ ಎಡಗಡೆಯ ಲೆಕ್ಕ ಎರಡು ಸಾಲಿನಲ್ಲಿ ಮುಗಿಸಿ, ಹೊತ್ತನ್ನೆಲ್ಲ ಬಲಗಡೆಗೆ ಕೊಡಿ.

ಅಮೋನಿಯಂ ಭಾಗವೇ ಮುಖ್ಯವಾಗುವ ಲವಣಗಳು ಕೆಲವೇ. ಕ್ಲೋರೈಡ್ (ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ, ಕೆಮ್ಮಿನ ಸಿರಪ್‌ನಲ್ಲೂ ಇರುವುದು ಇದೇ), ಗೊಬ್ಬರದ ಸಲ್ಫೇಟ್ ಮತ್ತು ಡಿಎಪಿ, ಬೈಕಾರ್ಬೊನೇಟ್, ಅಸಿಟೇಟ್. ಇವುಗಳಲ್ಲೂ ಒಂದು ದೊಡ್ಡ ಭೇದ ಇದೆ. ಅಸಿಟೇಟ್ ದೇಹದಲ್ಲಿ ಉರಿದು ಬೈಕಾರ್ಬೊನೇಟ್ ಆಗುತ್ತದೆ. ಕ್ಲೋರೈಡ್ ಕ್ಲೋರೈಡ್ ಆಗಿಯೇ ಉಳಿಯುತ್ತದೆ. ಈ ಒಂದು ಸಂಗತಿಯಿಂದ ಹಂತ 5ರ ಫಲಿತಾಂಶ ಪೂರ್ತಿ ತಿರುಗುತ್ತದೆ, ಮರೆಯಬೇಡಿ.

ಹಂತ 2: ಡೋಸ್‌ಗಳನ್ನು ಒಂದೇ ಅಳತೆಗೆ ತನ್ನಿ

ಲವಣದ ಮಿಲಿಗ್ರಾಂ ಲೆಕ್ಕದಲ್ಲಿ ಹೋಲಿಸಿದರೆ ದಾರಿ ತಪ್ಪುವುದು ಖಂಡಿತ. ತೂಕದಲ್ಲಿ ಅಮೋನಿಯಂ ಪಾಲು ಒಂದೊಂದರಲ್ಲಿ ಒಂದೊಂದು ಥರ. ಕ್ಲೋರೈಡ್‌ನಲ್ಲಿ ನೂರಕ್ಕೆ 33.7, ಸಲ್ಫೇಟ್ ಮತ್ತು ಡಿಎಪಿಯಲ್ಲಿ 27.3, ಅಸಿಟೇಟ್‌ನಲ್ಲಿ 23.4, ಬೈಕಾರ್ಬೊನೇಟ್‌ನಲ್ಲಿ 22.8, ನೈಟ್ರೇಟ್‌ನಲ್ಲಿ 22.5.

ಉದಾಹರಣೆಗೆ, ಅಮೋನಿಯಂ ಕ್ಲೋರೈಡ್‌ನ ಸೇಫ್ಟಿ ಡೇಟಾ ಶೀಟ್‌ಗಳಲ್ಲಿ ಇಲಿಗೆ ಬಾಯಿಯ ಮೂಲಕದ ಎಲ್‌ಡಿ50 (ಅರ್ಧದಷ್ಟು ಪ್ರಾಣಿಗಳು ಸಾಯುವ ಡೋಸ್) ಕಿಲೋಗೆ 1650 ಮಿಲಿಗ್ರಾಂ ಎಂದಿರುತ್ತದೆ. ಅದನ್ನು 0.337ರಿಂದ ಗುಣಿಸಿ. 556 ಮಿಲಿಗ್ರಾಂ ಅಮೋನಿಯಂ. 18.04ರಿಂದ ಭಾಗಿಸಿ. ಕಿಲೋಗೆ ಸುಮಾರು 31 ಮಿಲಿಮೋಲ್. ಈಗ ಇದನ್ನು ಯಾವ ಲವಣದ ಜೊತೆ ಬೇಕಾದರೂ ಪಕ್ಕಕ್ಕಿಟ್ಟು ನೋಡಬಹುದು.

ಸಲ್ಫೇಟ್, ಡಿಎಪಿಗಳಲ್ಲಿ ಒಂದು ಅಣುವಿಗೆ ಎರಡು ಅಮೋನಿಯಂ. ಎರಡರಿಂದ ಗುಣಿಸುವುದನ್ನು ಮರೆಯುವುದು ಅತಿ ಸಾಮಾನ್ಯ ತಪ್ಪು. ಇನ್ನೊಂದು, ‘ಅಮೋನಿಯಾ’ ಮತ್ತು ‘ಅಮೋನಿಯಾ ನೈಟ್ರೋಜನ್’ (ಅಮೋನಿಯಾದೊಳಗಿನ ನೈಟ್ರೋಜನ್ ಮಾತ್ರ) ಒಂದೇ ಅಂದುಕೊಳ್ಳುವುದು. ಮೊದಲನೆಯದರ ತೂಕ 17.03, ಎರಡನೆಯದರದು 14.01. ವರದಿ ಯಾವುದನ್ನು ಹೇಳುತ್ತಿದೆ ಎಂದು ಕೋಷ್ಟಕದ ಅಡಿಟಿಪ್ಪಣಿ ಓದಿ ಖಚಿತ ಮಾಡಿಕೊಳ್ಳಿ.

ಮೇವಿನಲ್ಲಿ ಬೆರೆಸಿ ಕೊಟ್ಟ ಅಧ್ಯಯನವಾದರೆ ಡೋಸ್ ಶೇಕಡಾದಲ್ಲಿರುತ್ತದೆ. ಜಪಾನಿನಲ್ಲಿ ಎಫ್344 ತಳಿಯ ಇಲಿಗಳಿಗೆ ಅಮೋನಿಯಂ ಸಲ್ಫೇಟ್ ತಿನ್ನಿಸಿದ ಅಧ್ಯಯನಗಳನ್ನೇ ತೆಗೆದುಕೊಳ್ಳಿ. 13 ವಾರದ್ದರಲ್ಲಿ ಗಂಡು ಇಲಿಗೆ ತೊಂದರೆ ಕಾಣದ ಗರಿಷ್ಠ ಮಟ್ಟ ಮೇವಿನಲ್ಲಿ ಶೇ 1.5, ಅಂದರೆ ದಿನಕ್ಕೆ ಕಿಲೋಗೆ 886 ಮಿಲಿಗ್ರಾಂ. 52 ವಾರದ್ದರಲ್ಲಿ ಅದೇ ಮಟ್ಟ ಶೇ 0.6, ಅಂದರೆ 256 ಮಿಲಿಗ್ರಾಂ. ಭಾಗಿಸಿ ನೋಡಿ. ಮೊದಲನೆಯದರಲ್ಲಿ ಇಲಿ ಕಿಲೋ ತೂಕಕ್ಕೆ 59 ಗ್ರಾಂ ಮೇವು ತಿಂದಿದೆ, ಎರಡನೆಯದರಲ್ಲಿ ಬರೀ 43 ಗ್ರಾಂ. ಎಳೆ ಇಲಿ ತೂಕಕ್ಕೆ ಹೋಲಿಸಿದರೆ ಜಾಸ್ತಿ ತಿನ್ನುತ್ತದೆ, ಬೆಳೆದದ್ದು ಕಡಿಮೆ. ಅದಕ್ಕೇ ಶೇಕಡಾವನ್ನು ಮಿಲಿಗ್ರಾಂ ಮಾಡಲು ಪುಸ್ತಕದ ಸಿದ್ಧ ಗುಣಕ ಬಳಸಬೇಡಿ. ಅದೇ ಅಧ್ಯಯನದ ಮೇವಿನ ಅಂಕಿಯನ್ನೇ ಬಳಸಿ.

ಹಂತ 3: ಯಾವ ಬಾಗಿಲಿಂದ ಒಳಗೆ ಹೋಯಿತು?

ಅಮೋನಿಯಂ ಮತ್ತು ಅಮೋನಿಯಾ ಒಂದರಿಂದೊಂದಕ್ಕೆ ಸದಾ ಬದಲಾಗುತ್ತಿರುತ್ತವೆ. ಯಾವುದು ಎಷ್ಟಿರಬೇಕು ಎಂದು ಹೇಳುವುದು ಪಿಎಚ್. ರಕ್ತದ 7.4 ಪಿಎಚ್‌ನಲ್ಲಿ ನೂರಕ್ಕೆ ಸುಮಾರು 98 ಪಾಲು ಅಮೋನಿಯಂ, ಉಳಿದದ್ದು ಅಮೋನಿಯಾ. ಪಿಎಚ್ ಏರಿದಷ್ಟೂ ಅಮೋನಿಯಾ ಪಾಲು ಹೆಚ್ಚುತ್ತದೆ. ವಿದ್ಯುದಂಶ ಇಲ್ಲದ ಅಮೋನಿಯಾ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಅಮೋನಿಯಂಗೆ ಆ ಸಲೀಸಿಲ್ಲ. ಅದು ಪೊಟ್ಯಾಸಿಯಂ ಹೋಗುವ ಮಾರ್ಗಗಳಲ್ಲಿ ನುಸುಳುತ್ತದೆ.

ಪಿಎಚ್‌ನ ಮಹತ್ವ ಕಣ್ಣಿಗೆ ಕಾಣಬೇಕಾದರೆ ಯೂರಿಯಾ ತಿಂದ ದನವನ್ನು ನೋಡಬೇಕು. ದನದ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಲ್ಲಿನ ಪಿಎಚ್ ಏರುತ್ತದೆ, ಏರಿದಷ್ಟೂ ಅಮೋನಿಯಾ ಬೇಗ ರಕ್ತಕ್ಕೆ ನುಗ್ಗುತ್ತದೆ. ಪಶುವೈದ್ಯರು ಅಂಥ ದನಕ್ಕೆ ತಣ್ಣೀರು ಮತ್ತು ವಿನೆಗರ್ ಕುಡಿಸುವುದು ಇದಕ್ಕೇ. ಅಮೋನಿಯಂ ಕ್ಲೋರೈಡ್ ಹೀಗೆ ಪಿಎಚ್ ಏರಿಸುವುದಿಲ್ಲ. ಯೂರಿಯಾ ವಿಷದ ಅಂಕಿಗಳನ್ನು ತಂದು ಅಮೋನಿಯಂ ಲವಣಕ್ಕೆ ಅಂಟಿಸುವವರಿದ್ದಾರೆ. ಅದು ಸರಿಯಲ್ಲ.

ಬಾಯಿಯ ಮೂಲಕ ಹೋದ ಅಮೋನಿಯಂ ಕರುಳಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಹೀರಿಕೆಯಾಗುತ್ತದೆ. ಇಲ್ಲಿ ಒಂದು ಅಂಕಿ ನೆನಪಿಟ್ಟುಕೊಳ್ಳಿ. ನಾವು ಏನೂ ಲವಣ ತಿನ್ನದಿದ್ದರೂ ಮನುಷ್ಯನ ಕರುಳಲ್ಲಿ ದಿನಕ್ಕೆ ಸುಮಾರು 4 ಗ್ರಾಂ ಅಮೋನಿಯಾ ಹುಟ್ಟುತ್ತದೆ, ಬಹುಪಾಲು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಂದ. ಅದರಲ್ಲಿ ನೂರಕ್ಕೆ 99 ಪಾಲು ಹೀರಿಕೆಯಾಗುತ್ತದೆ. ಹೊರಗಿನಿಂದ ಬಂದದ್ದನ್ನು ಅಳೆಯುವಾಗೆಲ್ಲ ಈ 4 ಗ್ರಾಂ ಹಿನ್ನೆಲೆಯಲ್ಲಿರುತ್ತದೆ.

ಉಸಿರಿನ ಮೂಲಕವಾದರೆ? ಗಾಳಿಯ ಒಂದು ಘನಮೀಟರ್‌ನಲ್ಲಿ 1 ಮಿಲಿಗ್ರಾಂ ಅಮೋನಿಯಂ ಸಲ್ಫೇಟ್ ಕಣಗಳಿವೆ ಅಂದುಕೊಳ್ಳಿ. ದಿನಕ್ಕೆ 20 ಘನಮೀಟರ್ ಉಸಿರಾಡುವವರಿಗೆ ಸಿಗುವ ಅಮೋನಿಯಂ ಹೆಚ್ಚೆಂದರೆ ಐದೂವರೆ ಮಿಲಿಗ್ರಾಂ. ಕರುಳಿನ 4 ಗ್ರಾಂ ಎದುರು ಇದು ಲೆಕ್ಕಕ್ಕೇ ಇಲ್ಲ. ಅಂಥ ಅಧ್ಯಯನದಲ್ಲಿ ರಕ್ತದ ಅಮೋನಿಯಾ ಹುಡುಕಿ ಫಲವಿಲ್ಲ, ಶ್ವಾಸನಾಳ ಮತ್ತು ಶ್ವಾಸಕೋಶ ನೋಡಿ. ಗಾಯವಿಲ್ಲದ ಚರ್ಮದ ಮೂಲಕ ಲವಣ ಒಳಹೋಗುವುದು ತೀರಾ ಕಡಿಮೆ.

ಚುಚ್ಚುಮದ್ದಿನ ಅಧ್ಯಯನಗಳನ್ನು ಬೇರೆಯೇ ಇಡಿ. ರಕ್ತನಾಳಕ್ಕೆ ನೇರ ಕೊಟ್ಟದ್ದು ಲಿವರ್ ಮುಟ್ಟುವ ಮೊದಲೇ ಮೆದುಳು, ಸ್ನಾಯುಗಳಿಗೆ ಹೋಗುತ್ತದೆ. ಹೊಟ್ಟೆಯ ಪೊರೆಯೊಳಗೆ ಕೊಟ್ಟದ್ದು ಬಹುಪಾಲು ಲಿವರ್ ದಾರಿಯಲ್ಲೇ ಹೋದರೂ ಒಮ್ಮೆಲೇ ನುಗ್ಗುತ್ತದೆ. ಈ ಎಲ್‌ಡಿ50ಗಳನ್ನು ಬಾಯಿಯ ಮೂಲಕದ್ದರ ಜೊತೆ ಒಂದೇ ಕೋಷ್ಟಕದಲ್ಲಿ ಹಾಕಿದ್ದರೆ ಅದು ಎಚ್ಚರಿಕೆಯ ಗುರುತು.

ಹಂತ 4: ಲಿವರ್‌ನಲ್ಲಿ ಏನಾಯಿತು ನೋಡಿ

ಕರುಳಿನಿಂದ ಹೊರಟ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ಎರಡು ಕಾವಲು. ರಕ್ತ ಒಳಬರುವ ಕಡೆಯ ಜೀವಕೋಶಗಳಲ್ಲಿ ಯೂರಿಯಾ ಚಕ್ರ, ಅಂದರೆ ಅಮೋನಿಯಂ ಅನ್ನು ಯೂರಿಯಾ ಮಾಡುವ ಕೆಲಸ, ನಡೆಯುತ್ತದೆ. ಅದು ದೊಡ್ಡ ಹೊರೆ ಹೊರಬಲ್ಲದು, ಆದರೆ ಸಣ್ಣ ಪ್ರಮಾಣವನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದರ ಮೊದಲ ಕಿಣ್ವ ಅರ್ಧ ವೇಗ ಮುಟ್ಟಲೇ ಲೀಟರ್‌ಗೆ 1ರಿಂದ 2 ಮಿಲಿಮೋಲ್ ಅಮೋನಿಯಂ ಬೇಕು. ರಕ್ತ ಹೊರಹೋಗುವ ಅಂಚಿನಲ್ಲಿ ಜೀವಕೋಶಗಳ ಒಂದು ತೆಳು ಪಟ್ಟಿ ಇದೆ. ತಪ್ಪಿಸಿಕೊಂಡು ಬಂದ ಅಮೋನಿಯಂ ಅನ್ನು ಅವು ಗ್ಲುಟಮಿನ್ ಎಂಬ ಅಮಿನೋ ಆಮ್ಲ ಮಾಡಿ ಹಿಡಿಯುತ್ತವೆ. ಆರೋಗ್ಯವಂತ ಪ್ರಾಣಿಯಲ್ಲಿ ಬಾಯಿಯಿಂದ ಕೊಟ್ಟ ಲವಣ ಮುಖ್ಯ ರಕ್ತಪ್ರವಾಹದಲ್ಲಿ ಅಷ್ಟಾಗಿ ಕಾಣದೇ ಇರುವುದು ಇದರಿಂದಲೇ.

ಹಾಗಾಗಿ ವರದಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ರಕ್ತವನ್ನು ಎಲ್ಲಿಂದ ತೆಗೆದರು? ಬಾಲದ ರಕ್ತದಲ್ಲಿ ಅಮೋನಿಯಾ ಏರಲಿಲ್ಲ ಎಂದರೆ ಹೀರಿಕೆಯಾಗಲಿಲ್ಲ ಎಂದಲ್ಲ. ಲಿವರ್ ಅದನ್ನು ಮೊದಲೇ ಮುಗಿಸಿದೆ ಎಂದಷ್ಟೇ ಆಗಿರಬಹುದು.

ಎರಡನೇ ಪ್ರಶ್ನೆ, ಲಿವರ್ ಸರಿಯಿತ್ತಾ? ನಾಯಿಗಳಲ್ಲಿ ಕರುಳಿನ ರಕ್ತ ಲಿವರ್ ತಪ್ಪಿಸಿ ಅಡ್ಡದಾರಿ ಹಿಡಿಯುವ ಒಂದು ಹುಟ್ಟುದೋಷವಿದೆ. ಅದನ್ನು ಪತ್ತೆಮಾಡಲು ಕಿಲೋಗೆ 100 ಮಿಲಿಗ್ರಾಂ, ಹೆಚ್ಚೆಂದರೆ 3 ಗ್ರಾಂ, ಅಮೋನಿಯಂ ಕ್ಲೋರೈಡ್ ಹೊಟ್ಟೆಗೆ ಕೊಟ್ಟು ಅರ್ಧ ಗಂಟೆಗೆ ರಕ್ತ ನೋಡುವ ಪರೀಕ್ಷೆ ಇದೆ. ಸರಿಯಾದ ಲಿವರ್ ಇದ್ದರೆ ಏರಿಕೆ ಅಲ್ಪ, ಇಲ್ಲದಿದ್ದರೆ ಸಿಕ್ಕಾಪಟ್ಟೆ. ಮೊದಲೇ ಅಮೋನಿಯಾ ಏರಿರುವ ನಾಯಿಗೆ ಈ ಪರೀಕ್ಷೆ ಮಾಡಬಾರದು. ಸಿರೋಸಿಸ್ (ಲಿವರ್ ಗಾಯಕಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವ ಮನುಷ್ಯರಲ್ಲೂ ಕಥೆ ಇದೇ. ಆರೋಗ್ಯವಂತ ಇಲಿಯಲ್ಲಿ ಸಿಕ್ಕ ಸುರಕ್ಷಿತ ಡೋಸ್ ಅನ್ನು ಲಿವರ್ ಕೆಟ್ಟವರಿಗೆ ನೇರ ಅನ್ವಯಿಸಬೇಡಿ.

‘ರಕ್ತದ ಯೂರಿಯಾ ಏರಲಿಲ್ಲ, ಹಾಗಾಗಿ ಯೂರಿಯಾ ಆಗಲಿಲ್ಲ’ ಎಂದು ಬರೆಯುವವರು ಒಂದು ಲೆಕ್ಕ ಮಾಡಿ ನೋಡಲಿ. ಮೇಲಿನ 52 ವಾರದ ಅಧ್ಯಯನದ 256 ಮಿಲಿಗ್ರಾಂ ಸಲ್ಫೇಟ್‌ನಲ್ಲಿ ನೈಟ್ರೋಜನ್ 54 ಮಿಲಿಗ್ರಾಂ. ಮೇವಿನಲ್ಲಿ ಪ್ರೋಟೀನ್ ನೂರಕ್ಕೆ 20 ಎಂದಿಟ್ಟುಕೊಂಡರೆ ಅದೇ ಇಲಿ ದಿನಕ್ಕೆ ಕಿಲೋಗೆ ಸುಮಾರು 1400 ಮಿಲಿಗ್ರಾಂ ನೈಟ್ರೋಜನ್ ತಿಂದಿದೆ. ಲವಣದಿಂದ ಸೇರಿದ್ದು ಅದರ ನೂರಕ್ಕೆ 4 ಪಾಲು. ಇಷ್ಟು ಸಣ್ಣ ಏರಿಕೆ ರಕ್ತದ ಯೂರಿಯಾದಲ್ಲಿ ಕಾಣಲೇಬೇಕೆಂದು ಬಯಸುವುದು ತಪ್ಪು. ಕಂಡರೆ ಕಿಡ್ನಿ ಸರಿಯಿದೆಯಾ, ಪ್ರಾಣಿಗೆ ನೀರು ಕಡಿಮೆಯಾಗಿತ್ತಾ ಎಂದು ಮೊದಲು ನೋಡಿ.

ಹಂತ 5: ಆಮ್ಲದ ಲೆಕ್ಕ ಬೇರೆ ಬರೆಯಿರಿ

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಇಡೀ ವಿಷಯದ ತಿರುಳೂ ಇದೇ.

ಲಿವರ್ ಅಮೋನಿಯಂ ಅನ್ನು ಯೂರಿಯಾ ಮಾಡುವಾಗ ಒಂದು ಅಮೋನಿಯಂಗೆ ಒಂದು ಬೈಕಾರ್ಬೊನೇಟ್ (ರಕ್ತದಲ್ಲಿ ಆಮ್ಲವನ್ನು ತಣಿಸುವ ಅಯಾನು) ಖರ್ಚಾಗುತ್ತದೆ. ಅಮೋನಿಯಂ ಕ್ಲೋರೈಡ್ ಕೊಟ್ಟರೆ ಅಮೋನಿಯಂ ಯೂರಿಯಾ ಆಗಿ ಹೋಗುತ್ತದೆ, ಕ್ಲೋರೈಡ್ ಉಳಿಯುತ್ತದೆ, ಬೈಕಾರ್ಬೊನೇಟ್ ಕಳೆದುಹೋಗುತ್ತದೆ. ಒಟ್ಟು ಪರಿಣಾಮ ಹೈಡ್ರೋಕ್ಲೋರಿಕ್ ಆಮ್ಲ ಕುಡಿಸಿದಷ್ಟೇ. ಅಮೋನಿಯಂ ಅಸಿಟೇಟ್‌ನಲ್ಲಿ ಹೀಗಾಗುವುದಿಲ್ಲ. ಅಸಿಟೇಟ್ ಉರಿದು ಹುಟ್ಟಿದ ಬೈಕಾರ್ಬೊನೇಟ್ ಆ ಖರ್ಚನ್ನು ತುಂಬಿಕೊಡುತ್ತದೆ. ಆದ್ದರಿಂದಲೇ ಅಮೋನಿಯಾ ವಿಷವನ್ನಷ್ಟೇ ನೋಡಬೇಕಾದವರು ಅಸಿಟೇಟ್ ಬಳಸುತ್ತಾರೆ, ದೇಹವನ್ನು ಆಮ್ಲಮಯ ಮಾಡಬೇಕಾದವರು ಕ್ಲೋರೈಡ್ ಬಳಸುತ್ತಾರೆ. ಇಲಿಗೆ ಕುಡಿಯುವ ನೀರಿನಲ್ಲಿ ಲೀಟರ್‌ಗೆ 0.28 ಮೋಲ್, ಅಂದರೆ ಸುಮಾರು 15 ಗ್ರಾಂ, ಅಮೋನಿಯಂ ಕ್ಲೋರೈಡ್ ಹಾಕುವುದು ಆಮ್ಲತೆ ಏರಿಸಲು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ರೂಢಿ.

ಮನುಷ್ಯರಲ್ಲಿ ಇದರ ಅಳತೆ ಸಿಗುವುದು ಕಿಡ್ನಿಯ ಆಮ್ಲ ಪರೀಕ್ಷೆಯಲ್ಲಿ. 1959ರಲ್ಲಿ ರಾಂಗ್ ಮತ್ತು ಡೇವಿಸ್ ಇದನ್ನು ಪ್ರಕಟಿಸಿದರು. ತೂಕದ ಕಿಲೋಗೆ 0.1 ಗ್ರಾಂ ಅಮೋನಿಯಂ ಕ್ಲೋರೈಡ್ ಕೊಡುತ್ತಾರೆ. ಕಿಡ್ನಿ ಸರಿಯಿದ್ದರೆ ಮೂತ್ರದ ಪಿಎಚ್ 5.3ಕ್ಕಿಂತ ಕೆಳಗಿಳಿಯಬೇಕು. 60 ಕಿಲೋ ಮನುಷ್ಯನಿಗೆ 6 ಗ್ರಾಂ, ಅಂದರೆ 112 ಮಿಲಿಮೋಲ್. ಅದರಲ್ಲಿ ಅಮೋನಿಯಂ ಬರೀ 2 ಗ್ರಾಂ, ಕರುಳು ದಿನವೂ ತಾನೇ ಮಾಡುವುದರ ಅರ್ಧ. ಆದರೆ ಆಮ್ಲ? ಸಾಮಾನ್ಯ ಊಟದಿಂದ ದಿನಕ್ಕೆ ಕಿಲೋಗೆ ಸುಮಾರು 1 ಮಿಲಿಮೋಲ್ ಆಮ್ಲ ಹುಟ್ಟುತ್ತದೆ. 60 ಕಿಲೋಗೆ 60. ಪರೀಕ್ಷೆಯ ಡೋಸ್ 112. ಹೆಚ್ಚುಕಡಿಮೆ ಎರಡು ಪಟ್ಟು, ಅದೂ ಒಂದೇ ಸಲಕ್ಕೆ. ಯಾವುದರ ಹೊಡೆತ ಜೋರು ಅಂತ ಗೊತ್ತಾಯಿತಲ್ವಾ?

ಹಾಳೆಯ ಬಲಗಡೆ ಈ ಅಂಕಿಗಳನ್ನು ಹುಡುಕಿ ಬರೆಯಿರಿ: ರಕ್ತದ ಪಿಎಚ್, ಬೈಕಾರ್ಬೊನೇಟ್, ಕ್ಲೋರೈಡ್, ಮೂತ್ರದ ಪಿಎಚ್. ಬೈಕಾರ್ಬೊನೇಟ್ ಇಳಿದು ಕ್ಲೋರೈಡ್ ಏರಿದ್ದರೆ, ಪ್ರಾಣಿ ಆಳವಾಗಿ ವೇಗವಾಗಿ ಉಸಿರಾಡುತ್ತಿದ್ದರೆ ಅದು ಆಮ್ಲದ ಗುರುತು. ದೀರ್ಘಕಾಲದ ಅಧ್ಯಯನದಲ್ಲಿ ಕಿಡ್ನಿ ತೂಕ ಏರುವುದು, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು, ಮೂಳೆ ಖನಿಜ ಕಳೆದುಕೊಳ್ಳುವುದು ಕೂಡ ಆಮ್ಲದ ಕಡೆಗೇ ಬೆರಳು ತೋರಿಸುತ್ತವೆ.

ಈ ಅಂಕಿಗಳೇ ಇಲ್ಲದ ವರದಿಯಲ್ಲಿ ನಿಯಂತ್ರಣ ಗುಂಪು ನೋಡಿ. ಅಷ್ಟೇ ಮಿಲಿಮೋಲ್ ಸೋಡಿಯಂ ಕ್ಲೋರೈಡ್ ಕೊಟ್ಟ ಗುಂಪು ಇದ್ದರೆ ಕ್ಲೋರೈಡ್‌ನ ಪಾತ್ರ ಬೇರೆಯಾಗುತ್ತದೆ. ಲವಣದ ಜೊತೆ ಸೋಡಿಯಂ ಬೈಕಾರ್ಬೊನೇಟ್ ಕೊಟ್ಟ ಗುಂಪು ಇದ್ದರೆ ಆಮ್ಲದ ಪಾತ್ರ ಬೇರೆಯಾಗುತ್ತದೆ. ನೀವೇ ಅಧ್ಯಯನ ಮಾಡುವವರಾದರೆ ಈ ಎರಡು ಗುಂಪುಗಳನ್ನು ಮೊದಲ ದಿನವೇ ಯೋಜನೆಗೆ ಸೇರಿಸಿ. ಆಮೇಲೆ ಸೇರಿಸಲಾಗುವುದಿಲ್ಲ.

ಹಂತ 6: ಮೂತ್ರದ ಅಮೋನಿಯಂ ನಂಬುವ ಮೊದಲು

ಕೊಟ್ಟದ್ದು ಅಮೋನಿಯಂ, ಮೂತ್ರದಲ್ಲಿ ಏರಿದ್ದೂ ಅಮೋನಿಯಂ, ಅಂದರೆ ದೇಹ ಅದನ್ನು ಹಾಗೇ ಹೊರಹಾಕಿತು. ನೇರವಾಗಿ ಕಾಣುವ ಈ ತೀರ್ಮಾನ ಬಹುಪಾಲು ತಪ್ಪು.

ಮೂತ್ರದ ಅಮೋನಿಯಂ ಅನ್ನು ಕಿಡ್ನಿಯೇ ಗ್ಲುಟಮಿನ್ ಒಡೆದು ತಯಾರಿಸುತ್ತದೆ. ಅದು ಆಮ್ಲವನ್ನು ಹೊರಹಾಕುವ ದಾರಿ. ಆಮ್ಲ ಏರಿದರೆ ಕಿಡ್ನಿ ದಿನದಿಂದ ದಿನಕ್ಕೆ ಇದನ್ನು ಹೆಚ್ಚಿಸುತ್ತದೆ, ಪೂರ್ತಿ ಮಟ್ಟ ಮುಟ್ಟಲು ನಾಲ್ಕೈದು ದಿನ ಬೇಕು. ಕ್ಲೋರೈಡ್ ತಿಂದ ಪ್ರಾಣಿಯ ಮೂತ್ರದಲ್ಲಿ ಕಾಣುವ ಅಮೋನಿಯಂ ಮುಖ್ಯವಾಗಿ ಆಮ್ಲಕ್ಕೆ ಕೊಟ್ಟ ಉತ್ತರ. ತಿಂದ ಅಮೋನಿಯಂ ಯೂರಿಯಾ ಆಗಿ ಹೋಗಿರುತ್ತದೆ.

ತಿಂದದ್ದು ಯಾವುದು, ದೇಹದ್ದು ಯಾವುದು ಎಂದು ನಿಜವಾಗಿ ಬೇರೆ ಮಾಡಬೇಕಾದರೆ ಗುರುತು ಹಾಕಿದ ನೈಟ್ರೋಜನ್ ಬೇಕು. ಔಷಧಗಳ ಅಧ್ಯಯನದಲ್ಲಿ ಬಳಸುವ ಕಾರ್ಬನ್-14 ಇಲ್ಲಿ ಬರುವುದಿಲ್ಲ, ಅಮೋನಿಯಂನಲ್ಲಿ ಕಾರ್ಬನ್ನೇ ಇಲ್ಲ. ನೈಟ್ರೋಜನ್-13ರ ಅರ್ಧಾಯುಷ್ಯ ಸುಮಾರು 10 ನಿಮಿಷ. ದಿನಗಟ್ಟಲೆಯ ಕೆಲಸಕ್ಕೆ ಆಗದು. ಉಳಿಯುವುದು ವಿಕಿರಣ ಸೂಸದ ನೈಟ್ರೋಜನ್-15. ಪ್ರಕೃತಿಯಲ್ಲೇ ಅದು ನೂರಕ್ಕೆ 0.37ರಷ್ಟಿರುತ್ತದೆ, ಹಾಗಾಗಿ ಡೋಸ್ ಕೊಡುವ ಮೊದಲಿನ ಮೂತ್ರ, ರಕ್ತವನ್ನು ತಪ್ಪದೆ ತೆಗೆದಿಟ್ಟುಕೊಳ್ಳಿ. ಗುರುತಿನ ನೈಟ್ರೋಜನ್ ಯೂರಿಯಾದಲ್ಲಿ ಎಷ್ಟು, ಗ್ಲುಟಮಿನ್‌ನಲ್ಲಿ ಎಷ್ಟು ಎಂದು ಬೇರೆಬೇರೆ ಅಳೆಯಬೇಕು. ಎಲ್ಲವೂ ವಾಪಸ್ ಸಿಗುತ್ತದೆ ಎಂದು ಕಾಯಬೇಡಿ. ಒಂದು ಪಾಲು ಅಮಿನೋ ಆಮ್ಲಗಳಿಗೆ ಸೇರಿ ದೇಹದ ಪ್ರೋಟೀನ್ ಆಗಿಬಿಡುತ್ತದೆ.

ಮೂತ್ರ ಹಿಡಿಯುವಾಗ ಇನ್ನೊಂದು ಕಂಟಕ. ಮೆಟಬಾಲಿಕ್ ಪಂಜರದ (ಮೂತ್ರ, ಹಿಕ್ಕೆಯನ್ನು ಬೇರೆಬೇರೆ ಹಿಡಿಯುವ ಪಂಜರ) ಕೆಳಗೆ ಮೂತ್ರ ಇಡೀ ರಾತ್ರಿ ಬಿಸಿಯಲ್ಲಿ ನಿಂತರೆ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಡಬ್ಬಿಯನ್ನು ಐಸ್‌ನಲ್ಲಿಡಿ, ಒಳಗೆ ಮೊದಲೇ ಸ್ವಲ್ಪ ಆಮ್ಲ ಹಾಕಿಡಿ. ಆದರೆ ಆಮ್ಲ ಹಾಕಿದ ಡಬ್ಬಿಯ ಮೂತ್ರದಲ್ಲಿ ಪಿಎಚ್ ನೋಡಬೇಡಿ. ಅದಕ್ಕೆ ಬೇರೆ ಸ್ಯಾಂಪಲ್ ಹಿಡಿಯಿರಿ. ಹಿಡಿದ ಮೂತ್ರ ತೆರೆದಾಗ ಮೂಗಿಗೆ ಹೊಡೆದರೆ ಆ ಸ್ಯಾಂಪಲ್ ಬಿಸಾಡಿ.

ಹಂತ 7: ರಕ್ತದ ಸ್ಯಾಂಪಲ್

ಇದರಲ್ಲಿ ಕೈತಪ್ಪಿದರೆ ಮೇಲಿನ ಲೆಕ್ಕವೆಲ್ಲ ನೀರಿಗೆ ಹೋಯಿತು ಎಂದೇ ತಿಳಿಯಿರಿ. ತೆಗೆದ ರಕ್ತದಲ್ಲಿ ಅಮೋನಿಯಾ ತಾನಾಗಿಯೇ ಹುಟ್ಟುತ್ತಾ ಹೋಗುತ್ತದೆ.

1. ಟ್ಯೂಬ್ ಮೊದಲು ನೋಡಿ. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಇಡಿಟಿಎ ಇರಲಿ, ಇಲ್ಲವೇ ಲಿಥಿಯಂ ಹೆಪಾರಿನ್. ಅಮೋನಿಯಂ ಹೆಪಾರಿನ್ ಟ್ಯೂಬ್ ಕೂಡ ಇದೆ. ಅದನ್ನು ಬಳಸಿದರೆ ಟ್ಯೂಬಿನ ಅಮೋನಿಯಂ ಅನ್ನೇ ಅಳೆದಂತೆ.

2. ಪ್ರಾಣಿ ಒದ್ದಾಡಲು ಬಿಡಬೇಡಿ. ಸ್ನಾಯು ದುಡಿದರೆ ಅದರಿಂದಲೇ ಅಮೋನಿಯಾ ಬರುತ್ತದೆ. ಮನುಷ್ಯರಲ್ಲಿ ಮುಷ್ಟಿ ಬಿಗಿಹಿಡಿಸಬೇಡಿ.

3. ಟ್ಯೂಬನ್ನು ಕೂಡಲೇ ಐಸ್ ನೀರಿಗೆ ಹಾಕಿ. 15 ನಿಮಿಷದೊಳಗೆ ತಣ್ಣನೆಯ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ.

4. ಪ್ಲಾಸ್ಮಾ ಕೆಂಪಾಗಿದ್ದರೆ ಬಿಟ್ಟುಬಿಡಿ. ಒಡೆದ ಕೆಂಪು ರಕ್ತಕಣಗಳ ಅಮೋನಿಯಾ ಅದರಲ್ಲಿ ಸೇರಿರುತ್ತದೆ.

5. ಆಗಲೇ ಅಳೆಯಿರಿ. ಆಗದಿದ್ದರೆ ಮೈನಸ್ 70 ಡಿಗ್ರಿಯಲ್ಲಿಡಿ. ಕೋಣೆಯಲ್ಲಿ ಅಮೋನಿಯಾ ಇರುವ ನೆಲ ಒರೆಸುವ ದ್ರಾವಣ ಬಳಸಿದ್ದರೆ, ಯಾರಾದರೂ ಸಿಗರೇಟ್ ಸೇದಿದ್ದರೆ ಅದೂ ಅಂಕಿಯಲ್ಲಿ ಕಾಣುತ್ತದೆ.

ಅಂಕಿ ಬಂದ ಮೇಲೆ ಘಟಕ ನೋಡಿ. ಲೀಟರ್‌ಗೆ ಮೈಕ್ರೋಮೋಲ್ ಇದ್ದರೆ 1.703ರಿಂದ ಗುಣಿಸಿದಾಗ ಡೆಸಿಲೀಟರ್‌ಗೆ ಮೈಕ್ರೋಗ್ರಾಂ ಅಮೋನಿಯಾ ಸಿಗುತ್ತದೆ. ಯೂರಿಯಾ ನೈಟ್ರೋಜನ್ ಅಂಕಿಯನ್ನು ಯೂರಿಯಾ ಮಾಡಬೇಕಾದರೆ 2.14ರಿಂದ ಗುಣಿಸಿ.

ಇಷ್ಟೇ ಮುಖ್ಯವಾದದ್ದು ಹೊತ್ತು. ಬಾಯಿಗೆ ಒಮ್ಮೆಲೇ ಕೊಟ್ಟ ಡೋಸ್‌ನಿಂದ ಅಮೋನಿಯಾ ಏರುವುದು ನಿಮಿಷಗಳಲ್ಲಿ. ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆಯ ಸ್ಯಾಂಪಲ್ ಇಲ್ಲದಿದ್ದರೆ ಶಿಖರ ಸಿಗುವುದಿಲ್ಲ. 90 ದಿನದ ಅಧ್ಯಯನಗಳಲ್ಲಿ ಕೊನೆಯ ದಿನದ ರಕ್ತವನ್ನು ಸಾಮಾನ್ಯವಾಗಿ ರಾತ್ರಿಯೆಲ್ಲ ಉಪವಾಸವಿಟ್ಟು ತೆಗೆಯುತ್ತಾರೆ. ಮೇವಿನಲ್ಲಿ ಲವಣ ತಿಂದ ಇಲಿ ರಾತ್ರಿ ಮೇವೇ ತಿಂದಿಲ್ಲ ಅಂದಮೇಲೆ ಬೆಳಗಿನ ರಕ್ತದಲ್ಲಿ ಅಮೋನಿಯಾ ಎಲ್ಲಿಂದ ಬರಬೇಕು? ಆ ‘ಸಾಮಾನ್ಯ’ ಅಂಕಿಯನ್ನು ಸುಮ್ನೆ ಸಾಕ್ಷಿಯಾಗಿ ಬಳಸುವ ವರದಿಗಳು ಸಾಕಷ್ಟಿವೆ.

ಹಂತ 8: ಮೆದುಳಿನ ಲಕ್ಷಣ ಇದ್ದರೆ

ನಡುಕ, ಸೆಳೆತ, ಪ್ರಜ್ಞೆ ತಪ್ಪುವುದು ಕಂಡರೆ ಮಾತ್ರ ಈ ಹಂತ ಬೇಕು. ಮೆದುಳಿನಲ್ಲಿ ಪೂರ್ತಿ ಯೂರಿಯಾ ಚಕ್ರ ಇಲ್ಲ. ಅಲ್ಲಿಗೆ ಬಂದ ಅಮೋನಿಯಾವನ್ನು ಆಸ್ಟ್ರೋಸೈಟ್ ಎಂಬ ಜೀವಕೋಶಗಳು ಗ್ಲುಟಮಿನ್ ಮಾಡುತ್ತವೆ. ಗ್ಲುಟಮಿನ್ ತುಂಬಿದಷ್ಟೂ ಅವು ನೀರು ಎಳೆದುಕೊಂಡು ಊದಿಕೊಳ್ಳುತ್ತವೆ. ಮೆದುಳಿನ ಗ್ಲುಟಮಿನ್ ಏರಿದ್ದರೆ ಅಮೋನಿಯಾ ವಿಷದ ವಾದಕ್ಕೆ ಬಲ ಬರುತ್ತದೆ. ಸೆಳೆತ ಇದೆ, ಆದರೆ ರಕ್ತದ ಅಮೋನಿಯಾ ಮತ್ತು ಮೆದುಳಿನ ಗ್ಲುಟಮಿನ್ ಎರಡೂ ಏರಿಲ್ಲ ಎಂದರೆ ಬಲಗಡೆಯ ಜೊತೆಗಾರನ ಕಡೆ ತಿರುಗಿ. ಬೈಫ್ಲೋರೈಡ್ ಆಗಿದ್ದರೆ ಕ್ಯಾಲ್ಸಿಯಂ ನೋಡಿ.

ವರದಿಯಲ್ಲಿ ಇವು ಕಂಡರೆ ನಿಲ್ಲಿ

ತೂಕ ಇಳಿದಿದೆ, ಆದರೆ ಎಷ್ಟು ತಿಂದವು, ಎಷ್ಟು ಕುಡಿದವು ಎಂಬ ಕೋಷ್ಟಕ ಇಲ್ಲ. ಅಮೋನಿಯಂ ಕ್ಲೋರೈಡ್ ಬೆರೆತ ನೀರಿನ ರುಚಿ ಇಲಿಗೆ ಹಿಡಿಸುವುದಿಲ್ಲ. ಕುಡಿಯುವುದು ಕಡಿಮೆಯಾದರೆ ತಿನ್ನುವುದೂ ಕಡಿಮೆ. ಅದು ವಿಷವೋ ಹಸಿವೋ ಎಂದು ತಿಳಿಯಲು ಅಷ್ಟೇ ಮೇವು ಅಳೆದು ಕೊಟ್ಟ ಜೋಡಿ ಗುಂಪು ಬೇಕು.

ಭೇದಿಯನ್ನು ಅಮೋನಿಯಂ ಖಾತೆಗೆ ಬರೆದಿದ್ದಾರೆ. ಮೇಲಿನ 13 ವಾರದ ಅಧ್ಯಯನದಲ್ಲಿ ಶೇ 3ರ ಸಲ್ಫೇಟ್ ತಿಂದ ಗಂಡು ಇಲಿಗಳಿಗೆ ಭೇದಿಯಾಗಿತ್ತು. ಸಲ್ಫೇಟ್ ಜಾಸ್ತಿಯಾದರೆ ಕರುಳು ಅದನ್ನು ಪೂರ್ತಿ ಹೀರಲಾರದು, ಉಳಿದದ್ದು ನೀರನ್ನು ಕರುಳಲ್ಲೇ ಹಿಡಿದಿಡುತ್ತದೆ. ಮೊದಲ ಅನುಮಾನ ಅದರ ಮೇಲಿರಲಿ.

ಒಂದೇ ಲವಣಕ್ಕೆ ಎರಡು ಎಲ್‌ಡಿ50. ಅಮೋನಿಯಂ ಸಲ್ಫೇಟ್‌ಗೆ ಇಲಿಯಲ್ಲಿ ಒಂದು ಕಡೆ 2840, ಇನ್ನೊಂದು ಕಡೆ 4250 ಮಿಲಿಗ್ರಾಂ ಎಂದಿರುತ್ತದೆ. ಸರಾಸರಿ ತೆಗೆಯಬೇಡಿ. ತಳಿ, ಉಪವಾಸ, ದ್ರಾವಣದ ಗಾಢತೆ ಬೇರೆಯಾದರೆ ಅಂಕಿಯೂ ಬೇರೆಯಾಗುತ್ತದೆ. ಎರಡನ್ನೂ ಬರೆದು, ಯಾವ ಅಧ್ಯಯನದ ವಿವರ ಪೂರ್ತಿ ಇದೆಯೋ ಅದನ್ನೇ ಹಿಡಿಯಿರಿ.

ಬೇರೆ ಅಮೋನಿಯಂ ಲವಣದ ಮಾಹಿತಿಯನ್ನು ಎರವಲು ತಂದಿದ್ದಾರೆ. ಎಡಗಡೆಗೆ ಇದು ನಡೆಯುತ್ತದೆ, ಅಮೋನಿಯಂ ಎಲ್ಲ ಕಡೆ ಅಮೋನಿಯಂ ತಾನೆ. ಆದರೆ ಅಸಿಟೇಟ್ ಅಧ್ಯಯನ ತೋರಿಸಿ ಕ್ಲೋರೈಡ್‌ನಿಂದ ಆಮ್ಲತೆ ಬರುವುದಿಲ್ಲ ಎಂದಿದ್ದರೆ, ಹಂತ 5 ತೆಗೆದು ಅವರ ಮುಂದಿಡಿ.